ನೆಲ್ಸನ್ನನ ಧ್ವಜ

ವಿರಾಟಪರ್ವವನ್ನು ಓದಿದವರಿಗೆ ಉತ್ತರಕುಮಾರನ ಅವಸ್ಥೆ ನೆನಪಿರಬಹುದು. ಎದುರಿಗೆ ಕಡಲಿನಂತೆ ಹಬ್ಬಿ ನಿಂತ ಕೌರವಸೇನೆ. ಅದರಲ್ಲಿ ಯಾರು ಯಾರೆಂಬುದನ್ನರಿಯದೆ ಕಂಗೆಟ್ಟ ಆ ಹುಡುಗನಿಗೆ ಅರ್ಜುನನು ಒಂದೊಂದು ರಥದ ಧ್ವಜವನ್ನೂ ಬೊಟ್ಟುಮಾಡಿ ತೋರಿಸಿ, ಇಂಥ ಲಾಂಛನವುಳ್ಳವನು ಇಂಥ ವೀರನೆಂದು ಪರಿಚಯ ಮಾಡಿಕೊಡುತ್ತಾನೆ. ನಮ್ಮ ನಾಡಿನ ಅರಸುಮನೆತನಗಳಿಗೂ ಧ್ವಜದ ಹೆಮ್ಮೆ ಕಡಿಮೆಯಾದುದಲ್ಲ. ಕದಂಬರ ವಾನರಧ್ವಜವನ್ನೂ ಚಾಳುಕ್ಯರ ಪಾಳಿಧ್ವಜವನ್ನೂ ಶಾಸನಗಳು ಮತ್ತೆ ಮತ್ತೆ ಕೊಂಡಾಡುತ್ತವೆ. ಆದರೆ ಇವೆಲ್ಲ ವೀರನ ಅಥವಾ ಕುಲದ ಧ್ವಜಗಳು. ಮನುಷ್ಯನದಲ್ಲದ, ಅವನು ಹೊತ್ತಿರುವ ಅಧಿಕಾರದ್ದೇ ಆದ ಧ್ವಜವೆಂಬುದು ಬೇರೊಂದು ಕಲ್ಪನೆ. ಅಧಿಕಾರಿ ಬದಲಾದರೂ ಆ ಬಾವುಟ ಬದಲಾಗದು. ಅಧಿಕಾರಿ ಮೇಲೇರಿದರೆ ಅದು ಬಣ್ಣವನ್ನೋ ಸ್ಥಾನವನ್ನೋ ಬದಲಿಸಿಕೊಳ್ಳುವುದು. ಈ ಕಲ್ಪನೆಯನ್ನು ಅತ್ಯಂತ ಕಟ್ಟುನಿಟ್ಟಾಗಿ ಬೆಳೆಸಿದವರು ಕಡಲಿನ ಸೇನಾನಿಗಳು. ಅವರಲ್ಲಿ ಹೊರೇಷಿಯೊ ನೆಲ್ಸನ್ನನ ಜೀವನವನ್ನು ಅವನ ಧ್ವಜದ ಜಾಡನ್ನೇ ಹಿಡಿದು ನೋಡಿದರೆ, ಪಠ್ಯಪುಸ್ತಕಗಳಲ್ಲಿ ಕಾಣುವುದಕ್ಕಿಂತ ಭಿನ್ನನಾದ ಮನುಷ್ಯನೊಬ್ಬನು ಎದುರಾಗುತ್ತಾನೆಂದು ನನಗೆ ಬಹುಕಾಲದಿಂದ ಅನ್ನಿಸಿದೆ.

ಮೊದಲು ಆ ಧ್ವಜವ್ಯವಸ್ಥೆಯನ್ನು ಸ್ವಲ್ಪ ತಿಳಿದುಕೊಳ್ಳುವುದು ಅವಶ್ಯ. ಹದಿನೆಂಟನೆಯ ಶತಮಾನದ ಆಂಗ್ಲ ನೌಕಾಪಡೆಯು ಕೆಂಪು, ಬಿಳಿ, ನೀಲಿ ಎಂಬ ಮೂರು ದಳಗಳಾಗಿ ವಿಭಾಗಗೊಂಡಿತ್ತು. ಹಿರಿತನದಲ್ಲಿ ಕೆಂಪು ಮೊದಲನೆಯದು, ಬಿಳಿ ಎರಡನೆಯದು, ನೀಲಿ ಕಡೆಯದು. ಒಂದೊಂದು ದಳದಲ್ಲಿಯೂ ಅಡ್ಮಿರಲ್, ವೈಸ್ ಅಡ್ಮಿರಲ್, ರಿಯರ್ ಅಡ್ಮಿರಲ್ ಎಂಬ ಮೂರು ದರ್ಜೆಗಳ ಕಲ್ಪನೆ. ಹಡಗಿಗೆ ಕೂವೆಮರಗಳು, ಎಂದರೆ ಹಾಯಿಗಳನ್ನು ಹೊರುವ ಕಂಬಗಳು, ಮೂರು. ನಡುವಿನ ಕೂವೆಮರದ ತುದಿಯಲ್ಲಿ ಅಡ್ಮಿರಲ್ಲನ ಧ್ವಜ. ಮುಂದಿನದರಲ್ಲಿ ವೈಸ್ ಅಡ್ಮಿರಲ್ಲನದು. ಹಿಂದಿನದರಲ್ಲಿ ರಿಯರ್ ಅಡ್ಮಿರಲ್ಲನದು. ಹೀಗೆ ಬಟ್ಟೆಯ ಬಣ್ಣವು ದಳವನ್ನು ಹೇಳಿದರೆ, ಅದು ಹಾರುವ ಕಂಬವು ದರ್ಜೆಯನ್ನು ಹೇಳುತ್ತಿತ್ತು. ನೀಲಿ ಮತ್ತು ಕೆಂಪು ಧ್ವಜಗಳು ಯಾವ ಚಿತ್ರವೂ ಇಲ್ಲದ ಬರಿಯ ಬಣ್ಣದ ಬಟ್ಟೆಗಳು. ಬಿಳಿಯದರ ಮೇಲೆ ಮಾತ್ರ ಸಂತ ಜಾರ್ಜನ ಕೆಂಪು ಶಿಲುಬೆ. ಮೂರು ದಳಗಳು ನಿಜವಾಗಿಯೂ ಬೇರೆಬೇರೆಯಾಗಿ ಯುದ್ಧಕ್ಕೆ ಹೋಗುವ ಪದ್ಧತಿ ಎಂದೋ ನಿಂತುಹೋಗಿ, ನೆಲ್ಸನ್ನನ ಕಾಲಕ್ಕೆ ಈ ಬಣ್ಣಗಳು ಏಣಿಯ ಮೆಟ್ಟಿಲುಗಳಾಗಿ ಮಾತ್ರ ಉಳಿದಿದ್ದವು. ನೀಲಿಯ ರಿಯರ್ ಅಡ್ಮಿರಲ್ ಎಂಬುದು ಕೆಳಗಿನ ಮೆಟ್ಟಿಲು. ಅಲ್ಲಿಂದ ಬಿಳಿಗೆ, ಕೆಂಪಿಗೆ. ಆಮೇಲೆ ಕಂಬ ಬದಲಾಗಿ ಮತ್ತೆ ನೀಲಿಯಿಂದ ಆರಂಭ.

ಈ ಏಣಿಗೆ ಒಂದು ವಿಚಿತ್ರ ನಿಯಮವಿತ್ತು. ಕ್ಯಾಪ್ಟನ್ನರ ಪಟ್ಟಿಯಲ್ಲಿ ಒಮ್ಮೆ ಹೆಸರು ಸೇರಿತೆಂದರೆ ಮುಂದಿನದೆಲ್ಲ ಹಿರಿತನದ ಲೆಕ್ಕ. ಮೇಲಿನವರು ಕಾಲವಾದಂತೆ ಕೆಳಗಿನವರು ಏರುವರು. ಎಂಥ ಪರಾಕ್ರಮಿಯೂ ತನಗಿಂತ ಹಿರಿಯನನ್ನು ದಾಟಿ ಧ್ವಜವನ್ನು ಪಡೆಯುವಂತಿರಲಿಲ್ಲ. ಧ್ವಜವು ಶೌರ್ಯಕ್ಕೆ ಸಂದ ಬಹುಮಾನವಲ್ಲ. ಬದುಕಿ ಉಳಿದುದಕ್ಕೆ ಬಂದ ಫಲ. ಇದನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನ ಕಥೆಯ ಸ್ವಾರಸ್ಯ ತಿಳಿದೀತು.

ನೆಲ್ಸನ್ನನು ಹುಟ್ಟಿದುದು ೧೭೫೮ನೆಯ ಸೆಪ್ಟೆಂಬರ್ ೨೯ರಂದು, ಇಂಗ್ಲೆಂಡಿನ ನಾರ್ಫಕ್ ಪ್ರಾಂತದ ಬರ್ನಂ ಥಾರ್ಪ್ ಎಂಬ ಹಳ್ಳಿಯಲ್ಲಿ. ತಂದೆ ಆ ಊರಿನ ಪಾದ್ರಿ. ಒಂಬತ್ತನೆಯ ವಯಸ್ಸಿನಲ್ಲಿ ತಾಯಿ ತೀರಿಕೊಂಡಳು. ಸೋದರಮಾವ ಮಾರಿಸ್ ಸಕ್ಲಿಂಗನು ಯುದ್ಧನೌಕೆಯೊಂದರ ಕ್ಯಾಪ್ಟನ್ನನಾಗಿದ್ದುದರಿಂದ, ೧೭೭೧ರಲ್ಲಿ ಹನ್ನೆರಡು ವರ್ಷದ ಈ ಬಡಕಲು ಹುಡುಗನು ಅವನ ಆಶ್ರಯದಲ್ಲಿ ಕಡಲಿಗಿಳಿದನು. ೧೭೭೩ರಲ್ಲಿ ಉತ್ತರಧ್ರುವದ ಕಡೆಗೆ ಹೊರಟ ಶೋಧಯಾತ್ರೆಯೊಂದರಲ್ಲಿ ಹೋಗಿ ಹಿಮಗಡ್ಡೆಗಳ ನಡುವೆ ಸಿಕ್ಕಿ ಹಿಂದಿರುಗಿದನು. ಅದೇ ವರ್ಷದ ಕೊನೆಗೆ ಸೀಹಾರ್ಸ್ ಎಂಬ ನೌಕೆಯನ್ನೇರಿ ಪೂರ್ವದೇಶಗಳಿಗೆ ಹೊರಟನು.

ಕನ್ನಡಿಗರಾದ ನಮಗೆ ಈ ಯಾತ್ರೆಯಲ್ಲಿ ವಿಶೇಷವಾದ ಕುತೂಹಲವಿದೆ. ೧೭೭೪ರಲ್ಲಿ ಮದರಾಸಿಗೆ ಬಂದ ಸೀಹಾರ್ಸ್ ನೌಕೆಯು ಮರುವರ್ಷ ಕಂಪೆನಿಯ ಹಣವನ್ನು ಹೊತ್ತು ಮುಂಬಯಿಯತ್ತ ಸಾಗುತ್ತಿದ್ದಾಗ, ಫೆಬ್ರವರಿ ೧೯ರಂದು ಎರಡು ಸಣ್ಣ ಯುದ್ಧನೌಕೆಗಳು ಅದನ್ನು ಎದುರಿಸಿದವು. ಅವು ನಮ್ಮ ಹೈದರಾಲಿಯವು. ಹೈದರನು ೧೭೬೩ರಲ್ಲಿ ಬಿದನೂರಿನೊಡನೆ ಮಂಗಳೂರನ್ನೂ ವಶಪಡಿಸಿಕೊಂಡ ಮೇಲೆ ಕಡಲಿನಲ್ಲಿಯೂ ಬಲವನ್ನು ಕಟ್ಟಲು ಹವಣಿಸಿದ್ದನೆಂಬುದು ಇತಿಹಾಸವನ್ನೋದಿದವರಿಗೆ ತಿಳಿದ ಸಂಗತಿ. ಸ್ವಲ್ಪ ಹೊತ್ತು ಗುಂಡಿನ ವಿನಿಮಯ ನಡೆದು ಆ ನೌಕೆಗಳು ಹಿಂದೆ ಸರಿದವು. ಇತಿಹಾಸದಲ್ಲಿ ಇದೊಂದು ಸಣ್ಣ ಚಕಮಕಿ. ಆದರೆ ನೆಲ್ಸನ್ನನು ತನ್ನ ಬಾಳಿನಲ್ಲಿ ಕಂಡ ಮೊದಲನೆಯ ಕಾಳಗ ಇದೇ. ಅವನ ಎದುರಿಗಿದ್ದ ಮೊದಲನೆಯ ಶತ್ರು ಫ್ರಾನ್ಸಿನವನಲ್ಲ, ಸ್ಪೇನಿನವನಲ್ಲ, ಮೈಸೂರಿನವನು. ಆಗ ಆ ಆಂಗ್ಲ ಪಡೆಯ ನಾಯಕನಾಗಿದ್ದ ಎಡ್ವರ್ಡ್ ಹ್ಯೂಸನೇ ಐದು ವರ್ಷಗಳ ತರುವಾಯ, ೧೭೮೦ರಲ್ಲಿ, ಮಂಗಳೂರಿನ ಬಂದರಿನಲ್ಲಿದ್ದ ಹೈದರನ ಹಡಗುಗಳನ್ನು ನಾಶಮಾಡಿದನು. ಕಡಲಿನ ಮೇಲೆ ಮೈಸೂರಿನ ಆಸೆಗೆ ಬಿದ್ದ ದೊಡ್ಡ ಪೆಟ್ಟು ಅದು.

ನಮ್ಮ ದೇಶದ ನೀರು ನೆಲ್ಸನ್ನನಿಗೆ ಹಿಡಿಯಲಿಲ್ಲ. ಮಲೇರಿಯಾ ಜ್ವರದಿಂದ ಸಾಯುವಂತಾಗಿ, ೧೭೭೬ರಲ್ಲಿ ಬೇರೊಂದು ನೌಕೆಯಲ್ಲಿ ತಾಯ್ನಾಡಿಗೆ ಮರಳಿದನು. ದಾರಿಯಲ್ಲಿ ಅವನಿಗೆ ಆಳವಾದ ನಿರಾಶೆ ಕವಿಯಿತಂತೆ. ವಶೀಲಿಯಿಲ್ಲದ, ಆರೋಗ್ಯವಿಲ್ಲದ ತನ್ನಂಥವನು ಈ ವೃತ್ತಿಯಲ್ಲಿ ಮೇಲೇರುವುದು ಉಂಟೆ ಎಂದು ಕೊರಗಿದನಂತೆ. ಆ ಕತ್ತಲಿನ ನಡುವೆಯೇ ಇದ್ದಕ್ಕಿದ್ದಂತೆ ದೇಶಸೇವೆಯ ಉತ್ಸಾಹವೊಂದು ಬೆಳಕಿನಂತೆ ಹೊಳೆದು, ತಾನು ವೀರನಾಗಿಯೇ ತೀರುವೆನೆಂಬ ನಿಶ್ಚಯ ಹುಟ್ಟಿತೆಂದು ಅವನೇ ಮುಂದೆ ಹೇಳಿಕೊಂಡನು. ಹದಿನೆಂಟು ತುಂಬದ ಹುಡುಗನ ಕನಸೆಂದು ಇದನ್ನು ತಳ್ಳಿಹಾಕಬಹುದು. ಆದರೆ ಆ ಕನಸು ಅವನನ್ನು ಕೊನೆಯವರೆಗೂ ಬಿಡಲಿಲ್ಲ.

೧೭೭೭ರಲ್ಲಿ ಲೆಫ್ಟಿನೆಂಟ್, ೧೭೭೯ರ ಜೂನ್ ೧೧ರಂದು ಕ್ಯಾಪ್ಟನ್. ಆಗ ಅವನಿಗೆ ಇಪ್ಪತ್ತು ವರ್ಷ. ಮೇಲೆ ಹೇಳಿದ ನಿಯಮದಂತೆ ಆ ದಿನವೇ ಅವನ ಧ್ವಜ ನಿಶ್ಚಯವಾಯಿತೆನ್ನಬೇಕು. ಬದುಕಿದ್ದರೆ ಸಾಕು, ಎಂದಾದರೊಂದು ದಿನ ಅದು ಬಂದೇ ಬರುವುದು. ಆದರೆ ಸಮಾಧಾನದ ಕಾಲವು ಸೈನಿಕನಿಗೆ ಬರಗಾಲ. ೧೭೮೭ರಲ್ಲಿ ವೆಸ್ಟ್ ಇಂಡೀಸಿನ ನೀವಿಸ್ ದ್ವೀಪದಲ್ಲಿ ಫ್ರಾನ್ಸೆಸ್ ನಿಸ್ಬೆಟ್ ಎಂಬ ವಿಧವೆಯನ್ನು ವರಿಸಿ ಊರಿಗೆ ಹಿಂದಿರುಗಿದವನು, ಸುಮಾರು ಐದು ವರ್ಷ ಹಡಗಿಲ್ಲದೆ, ಅರ್ಧ ಸಂಬಳದಲ್ಲಿ, ತಂದೆಯ ಮನೆಯಲ್ಲಿ ಕಾಲ ಕಳೆದನು. ೧೭೯೩ರಲ್ಲಿ ಫ್ರಾನ್ಸಿನೊಡನೆ ಯುದ್ಧ ಹೊತ್ತಿಕೊಂಡಾಗ ಅಗಮೆಮ್ನಾನ್ ಎಂಬ ನೌಕೆಯ ಅಧಿಪತ್ಯ ದೊರೆಯಿತು. ಮರುವರ್ಷ ಕಾರ್ಸಿಕಾ ದ್ವೀಪದ ಕಾಲ್ವಿ ಕೋಟೆಯ ಮುತ್ತಿಗೆಯಲ್ಲಿ ಸಿಡಿದ ಕಲ್ಲುಮರಳು ತಗುಲಿ ಬಲಗಣ್ಣಿನ ದೃಷ್ಟಿ ಹೋಯಿತು.

೧೭೯೬ರಲ್ಲಿ ಅವನು ಕಮೊಡೋರ್ ಆದನು. ಇದು ಖಾಯಂ ದರ್ಜೆಯಲ್ಲ. ಕ್ಯಾಪ್ಟನ್ನನೊಬ್ಬನಿಗೆ ತಾತ್ಕಾಲಿಕವಾಗಿ ಕೆಲವು ಹಡಗುಗಳ ಹೊಣೆಯನ್ನು ಒಪ್ಪಿಸುವ ಏರ್ಪಾಡು. ಆದುದರಿಂದ ಅದರ ಗುರುತೂ ಪೂರ್ಣ ಧ್ವಜವಲ್ಲ, ಹಕ್ಕಿಯ ಬಾಲದಂತೆ ತುದಿ ಸೀಳಿದ ಅಗಲವಾದ ಪತಾಕೆ. ಆ ಪತಾಕೆಯಡಿಯಲ್ಲಿ ನಿಂತೇ ನೆಲ್ಸನ್ನನು ತನ್ನ ಮೊದಲನೆಯ ಮಹಾಸಾಹಸವನ್ನು ಮಾಡಿದನು. ೧೭೯೭ರ ಫೆಬ್ರವರಿ ೧೪ರಂದು ಸೇಂಟ್ ವಿನ್ಸೆಂಟ್ ಭೂಶಿರದ ಬಳಿ ಅಡ್ಮಿರಲ್ ಜಾನ್ ಜರ್ವಿಸನ ೧೫ ನೌಕೆಗಳು ಸ್ಪೇನಿನ ೨೭ ನೌಕೆಗಳನ್ನೆದುರಿಸಿದವು. ನೌಕೆಗಳು ಒಂದರ ಹಿಂದೊಂದು ಸಾಲಾಗಿಯೇ ಸಾಗಬೇಕೆಂಬುದು ಅಂದಿನ ಯುದ್ಧಧರ್ಮ. ಸ್ಪೇನಿನ ಪಡೆ ಜಾರಿಕೊಳ್ಳುವುದರಲ್ಲಿದೆಯೆಂದು ಕಂಡ ನೆಲ್ಸನ್ನನು ಅಪ್ಪಣೆಗೆ ಕಾಯದೆ ಸಾಲನ್ನು ಬಿಟ್ಟು ತಿರುಗಿ ಶತ್ರುಗಳ ದಾರಿಗೆ ಅಡ್ಡ ನಿಂತನು. ಸ್ಯಾನ್ ನಿಕೊಲಾಸ್ ಎಂಬ ನೌಕೆಗೆ ನುಗ್ಗಿ, ಅದರ ಮೇಲಿಂದಲೇ ಇನ್ನೂ ದೊಡ್ಡದಾದ ಸ್ಯಾನ್ ಹೋಸೆಗೆ ದಾಟಿ, ಎರಡನ್ನೂ ಹಿಡಿದನು. ಸೋತಿದ್ದರೆ ವಿಚಾರಣೆ ಕಾದಿತ್ತು. ಗೆದ್ದುದರಿಂದ ನೈಟ್ ಪದವಿ ಬಂದಿತು.

ಅದೇ ಫೆಬ್ರವರಿ ೨೦ರಿಂದ ಅವನು ನೀಲಿಯ ರಿಯರ್ ಅಡ್ಮಿರಲ್. ಈ ವಿಜಯಕ್ಕಾಗಿಯೇ ಧ್ವಜ ದೊರೆಯಿತೆಂದು ಅನೇಕರು ಭಾವಿಸುವುದುಂಟು. ನಿಜಸ್ಥಿತಿ ಹಾಗಿಲ್ಲ. ಯುದ್ಧದ ವಾರ್ತೆ ಲಂಡನ್ನಿಗೆ ಮುಟ್ಟುವ ಮೊದಲೇ ಪಟ್ಟಿಯಲ್ಲಿ ಅವನ ಸರದಿ ಬಂದಿತ್ತು. ಶೌರ್ಯವೂ ಹಿರಿತನವೂ ಆರು ದಿನಗಳ ಅಂತರದಲ್ಲಿ, ಒಂದನ್ನೊಂದು ಅರಿಯದೆಯೇ ಅವನ ಬಾಗಿಲಿಗೆ ಬಂದವು. ಹಿಂದಿನ ಕೂವೆಮರದ ಮೇಲೆ ನೀಲಿ ಧ್ವಜವೇರಿತು. ಐದು ತಿಂಗಳು ಕಳೆಯುವಷ್ಟರಲ್ಲಿ, ಟೆನರೀಫ್ ದ್ವೀಪದ ಸಾಂಟಾಕ್ರೂಸಿನ ಮೇಲೆ ನಡೆಸಿದ ರಾತ್ರಿಯ ದಾಳಿ ಸೋಲಾಗಿ, ಬಲಗೈಯನ್ನು ಕತ್ತರಿಸಬೇಕಾಯಿತು. ಒಂದು ಕಣ್ಣು, ಒಂದು ಕೈ ಹೋದ ಮೇಲೆ ಇನ್ನಾರಿಗೂ ತಾನು ಬೇಡವಾದೆನೆಂದು ಅವನು ಹತಾಶನಾಗಿ ಬರೆದನು. ಆ ಪತ್ರದ ಅಕ್ಷರಗಳು ಆಗತಾನೆ ಬರೆಯಲು ಕಲಿಯುತ್ತಿದ್ದ ಎಡಗೈಯವು.

ಆದರೆ ೧೭೯೮ರ ವಸಂತದಲ್ಲಿ ಅವನ ನೀಲಿ ಧ್ವಜವು ವ್ಯಾನ್‌ಗಾರ್ಡ್ ನೌಕೆಯ ಮೇಲೆ ಮತ್ತೆ ಹಾರಿತು. ಬೊನಪಾರ್ಟೆಯು ಭಾರಿ ಸೇನೆಯೊಡನೆ ಹೊರಟಿದ್ದನು, ಎಲ್ಲಿಗೆಂದು ತಿಳಿಯದು. ಭೂಮಧ್ಯಸಮುದ್ರವನ್ನೆಲ್ಲ ಅಲೆದು, ಒಮ್ಮೆ ಅಲೆಕ್ಸಾಂಡ್ರಿಯಾಕ್ಕೆ ಶತ್ರುವಿಗಿಂತ ಮೊದಲೇ ಹೋಗಿ ಬರಿಗೈಯಲ್ಲಿ ಹಿಂದಿರುಗಿ, ಕಡೆಗೆ ಆಗಸ್ಟ್ ೧ರ ಸಂಜೆ ಅಬೂಕೀರ್ ಕೊಲ್ಲಿಯಲ್ಲಿ ಲಂಗರು ಹಾಕಿ ನಿಂತಿದ್ದ ಫ್ರೆಂಚರ ೧೩ ದೊಡ್ಡ ನೌಕೆಗಳನ್ನು ನೆಲ್ಸನ್ನನು ಕಂಡನು. ಕತ್ತಲಾಗುವುದನ್ನೂ ಲೆಕ್ಕಿಸದೆ ಮೇಲೆ ಬಿದ್ದನು. ರಾತ್ರಿಯಲ್ಲಿ ಧ್ವಜಗಳು ಕಾಣವಷ್ಟೆ? ತಮ್ಮವರು ತಮ್ಮವರನ್ನೇ ಹೊಡೆಯದಿರಲೆಂದು ಪ್ರತಿ ನೌಕೆಯ ಹಿಂದಿನ ಕೂವೆಮರದಲ್ಲಿಯೂ ಸಾಲಾಗಿ ನಾಲ್ಕು ದೀಪಗಳನ್ನು ತೂಗಿಸಲಾಗಿತ್ತು. ಬೆಳಗಾಗುವ ಹೊತ್ತಿಗೆ ಫ್ರೆಂಚರ ಧ್ವಜನೌಕೆ ಲೊರಿಯಾಂ ಸಿಡಿದು ಚೂರಾಗಿತ್ತು. ಒಟ್ಟು ಹದಿಮೂರರಲ್ಲಿ ಹನ್ನೊಂದು ನೌಕೆಗಳು ಸೆರೆಯಾದವು, ಇಲ್ಲವೇ ನಾಶವಾದವು.

ಇಲ್ಲಿ ಕಥೆ ಮತ್ತೆ ನಮ್ಮ ನಾಡನ್ನು ಮುಟ್ಟುತ್ತದೆ. ಈಜಿಪ್ಟಿನ ದಾರಿ ಇಂಡಿಯಾದ ದಾರಿಯೆಂಬುದು ಎಲ್ಲರಿಗೂ ತಿಳಿದಿದ್ದಿತು. ಟೀಪುವಿನ ದೂತರು ಅದೇ ವರ್ಷ ಮಾರಿಷಸ್ ದ್ವೀಪಕ್ಕೆ ಹೋಗಿ ಫ್ರೆಂಚರ ನೆರವನ್ನು ಬೇಡಿದ್ದರು. ಮಂಗಳೂರಿಗೆ ಬಂದಿಳಿದುದು ನೂರರ ಆಸುಪಾಸಿನ ಒಂದು ಸಣ್ಣ ತಂಡ ಮಾತ್ರ. ನೆಲ್ಸನ್ನನು ಗೆದ್ದೊಡನೆ ಡುವಾಲ್ ಎಂಬ ಲೆಫ್ಟಿನೆಂಟನನ್ನು ಅಲೆಪ್ಪೊ, ಬಾಗ್ದಾದ್, ಬಸ್ರಾಗಳ ನೆಲದಾರಿಯಲ್ಲಿ ಮುಂಬಯಿಗೆ ಅಟ್ಟಿ, ಫ್ರೆಂಚರ ನೌಕಾಬಲ ಮುರಿಯಿತೆಂಬ ಸುದ್ದಿಯನ್ನು ಕಂಪೆನಿಗೆ ಮುಟ್ಟಿಸಿದನು. ೧೭೯೯ರ ಜನವರಿಯಲ್ಲಿ ಬೊನಪಾರ್ಟೆಯು ಕೈರೋದಿಂದ ಟೀಪುವಿಗೆ ಬರೆದ ಪತ್ರವು ದಾರಿಯಲ್ಲಿಯೇ ಆಂಗ್ಲರ ಕೈಗೆ ಸಿಕ್ಕಿತು. ಮೇ ೪ರಂದು ಶ್ರೀರಂಗಪಟ್ಟಣ ಬಿದ್ದಿತು. ಈಸ್ಟ್ ಇಂಡಿಯಾ ಕಂಪೆನಿಯು ನೆಲ್ಸನ್ನನಿಗೆ ಹತ್ತು ಸಾವಿರ ಪೌಂಡುಗಳನ್ನು ಕೃತಜ್ಞತೆಯಿಂದ ಒಪ್ಪಿಸಿತು. ಹುಡುಗನಾಗಿ ತಂದೆಯ ನೌಕೆಗಳ ಗುಂಡಿಗೆ ಎದುರಾದವನೇ, ಅಡ್ಮಿರಲ್ಲನಾಗಿ ಮಗನಿಗೆ ಬರಬಹುದಾಗಿದ್ದ ನೆರವಿನ ಕಡಲದಾರಿಯನ್ನು ಕಡಿದನು. ನೈಲ್ ನದಿಯ ಮುಖದ ಈ ಕಾಳಗವನ್ನು ಯೂರೋಪಿನ ಚರಿತ್ರೆಯ ಅಧ್ಯಾಯವೆಂದು ಮಾತ್ರ ನಾವು ಓದುವುದು ಸಾಲದು. ಅದು ಮೈಸೂರಿನ ಚರಿತ್ರೆಯ ಅಧ್ಯಾಯವೂ ಹೌದು.

ವಿಜಯಶಾಲಿಯಾದ ನೆಲ್ಸನ್ನನ ಧ್ವಜವು ನಿಷ್ಕಳಂಕವಾಗಿ ಉಳಿಯಲಿಲ್ಲವೆಂಬುದನ್ನೂ ಹೇಳಬೇಕು. ೧೭೯೯ರ ಜೂನಿನಲ್ಲಿ ಅವನು ನೇಪಲ್ಸಿಗೆ ಬಂದು, ಅಲ್ಲಿಯ ಗಣರಾಜ್ಯವಾದಿಗಳಿಗೆ ಅರಸನ ಪ್ರತಿನಿಧಿಯು ಕೊಟ್ಟಿದ್ದ ಕೌಲನ್ನು ಒಪ್ಪದೆ ತಡೆದನು. ಆ ನಾಡಿನ ನೌಕಾನಾಯಕ ಕರಾಚ್ಚೊಲೊ ಎಂಬಾತನ ವಿಚಾರಣೆಯು ನೆಲ್ಸನ್ನನ ಧ್ವಜ ಹಾರುತ್ತಿದ್ದ ಫೌಡ್ರೊಯಾಂಟ್ ನೌಕೆಯ ಮೇಲೆಯೇ ನಡೆಯಿತು. ಜೂನ್ ೨೯ರಂದು ಅವನನ್ನು ಬೇರೊಂದು ಹಡಗಿನ ಹಾಯಿಮರಕ್ಕೆ ತೂಗುಹಾಕಿದರು. ಮುಂದಿನ ತಿಂಗಳು ಮೇಲಧಿಕಾರಿಯಾದ ಲಾರ್ಡ್ ಕೀತನು ಮಿನಾರ್ಕಾ ದ್ವೀಪದ ರಕ್ಷಣೆಗೆ ಹಡಗುಗಳನ್ನು ಕಳುಹಿಸೆಂದು ಆಜ್ಞಾಪಿಸಿದಾಗ ನೆಲ್ಸನ್ನನು ಪಾಲಿಸದೆ ನಿಂತನು. ಸೇಂಟ್ ವಿನ್ಸೆಂಟಿನಲ್ಲಿ ಅವಿಧೇಯತೆಯು ಗೆಲವನ್ನು ತಂದಿತ್ತು; ಇಲ್ಲಿ ಅದು ಬರಿಯ ಅವಿಧೇಯತೆ. ಬ್ರಿಟಿಷ್ ರಾಯಭಾರಿಯ ಪತ್ನಿ ಎಮ್ಮಾ ಹ್ಯಾಮಿಲ್ಟನ್ನಳ ಸಖ್ಯದಲ್ಲಿ ಅವನು ಮೈಮರೆತಿದ್ದನೆಂಬ ಮಾತು ಲಂಡನ್ನಿನವರೆಗೂ ಮುಟ್ಟಿತು. ಕೈಹಿಡಿದ ಹೆಂಡತಿಯನ್ನು ಅವನು ತೊರೆದನು. ವೆಸ್ಟ್ ಇಂಡೀಸಿನ ತೋಟದೊಡೆಯರ ಗೆಳೆತನದಿಂದಾಗಿ ಗುಲಾಮರ ವ್ಯಾಪಾರವನ್ನು ನಿಲ್ಲಿಸುವ ಚಳವಳಿಯನ್ನೂ ಖಾಸಗಿ ಪತ್ರದಲ್ಲಿ ಹಳಿದನು. ಮಹಾಪುರುಷರ ಜೀವನವನ್ನು ವಿದ್ಯಾರ್ಥಿಗಳ ಮುಂದಿಡುವಾಗ ಇಂಥ ಪುಟಗಳನ್ನು ಹಾರಿಸಿಬಿಡುವ ಅಭ್ಯಾಸ ನನಗೆ ಒಪ್ಪಿಗೆಯಿಲ್ಲ.

೧೮೦೧ರ ಜನವರಿ ೧ರಂದು ಅವನು ನೀಲಿಯ ವೈಸ್ ಅಡ್ಮಿರಲ್ ಆದನು. ಧ್ವಜವು ಹಿಂದಿನ ಕೂವೆಮರದಿಂದ ಮುಂದಿನದಕ್ಕೆ ಬಂದಿತು. ಅದು ಮೊದಲು ಏರಿದುದು ಸ್ಯಾನ್ ಹೋಸೆ ನೌಕೆಯ ಮೇಲೆ: ನಾಲ್ಕು ವರ್ಷಗಳ ಹಿಂದೆ ಅವನೇ ಸ್ಪೇನಿನಿಂದ ಗೆದ್ದುತಂದ ಹಡಗು. ಅದೇ ಏಪ್ರಿಲ್ ೨ರಂದು ಕೋಪನ್‌ಹೇಗನ್ ಕಾಳಗ. ಆಳವಿಲ್ಲದ ನೀರಿನಲ್ಲಿ ಸಾಗಲೆಂದು ತನ್ನ ಧ್ವಜವನ್ನು ಎಲಿಫೆಂಟ್ ಎಂಬ ಸಣ್ಣ ನೌಕೆಗೆ ವರ್ಗಾಯಿಸಿಕೊಂಡು ನೆಲ್ಸನ್ನನು ಹೋರಾಡುತ್ತಿದ್ದನು. ದೂರದಲ್ಲಿದ್ದ ಅವನ ಹಿರಿಯ ಅಡ್ಮಿರಲ್ ಹೈಡ್ ಪಾರ್ಕರನು ಯುದ್ಧವನ್ನು ನಿಲ್ಲಿಸೆಂಬ ೩೯ನೆಯ ಸಂಕೇತವನ್ನು ಹಾರಿಸಿದನು. ಸಂಕೇತ ಮುಟ್ಟಿತೆಂದು ತಿಳಿಸಲು ಮಾತ್ರ ನೆಲ್ಸನ್ನನು ಹೇಳಿ, ಹತ್ತಿರವಾಗಿ ನಿಂತು ಹೋರಾಡಿರೆಂಬ ತನ್ನ ೧೬ನೆಯ ಸಂಕೇತವನ್ನು ಇಳಿಸದೆ ಹಾಗೆಯೇ ಹಾರಗೊಟ್ಟನು. ಕುರುಡುಗಣ್ಣಿಗೆ ದೂರದರ್ಶಕವನ್ನು ಹಿಡಿದು, ತನಗೇನೂ ಕಾಣದೆಂದು ನುಡಿದನೆಂಬ ಪ್ರಸಿದ್ಧ ಕಥೆ ಹುಟ್ಟಿದುದು ಈ ಪ್ರಸಂಗದಿಂದ. ಒಂದೇ ಕಡಲಿನ ಮೇಲೆ, ಒಂದೇ ಪಡೆಯಲ್ಲಿ, ಎರಡು ಧ್ವಜಗಳು ಎರಡು ಮಾತನ್ನಾಡುತ್ತಿದ್ದವು. ನೌಕೆಗಳಲ್ಲಿ ಹೆಚ್ಚಿನವು ಕಿರಿಯನ ಮಾತನ್ನೇ ನಂಬಿದವು. ಹುದ್ದೆ ಕೊಡುವ ಅಧಿಕಾರ ಬೇರೆ, ಜನರ ವಿಶ್ವಾಸ ಕೊಡುವ ಅಧಿಕಾರ ಬೇರೆಯೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವನ್ನು ನಾನು ಕಾಣೆ.

೧೮೦೩ರಲ್ಲಿ ಭೂಮಧ್ಯಸಮುದ್ರದ ಸೇನಾಧಿಪತಿಯಾಗಿ ವಿಕ್ಟರಿ ನೌಕೆಯ ಮೇಲೆ ಧ್ವಜವೇರಿಸಿದನು. ಮರುವರ್ಷದ ಏಪ್ರಿಲ್ ೨೩ರಂದು ನೀಲಿಯು ಬಿಳಿಯಾಯಿತು. ಬಿಳಿಯ ವೈಸ್ ಅಡ್ಮಿರಲ್ ಎಂಬುದೇ ಅವನು ಏರಿದ ಕೊನೆಯ ಮೆಟ್ಟಿಲು. ಇಂಗ್ಲೆಂಡಿನ ಮಹಾನೌಕಾವೀರನೆಂದು ಲೋಕವೆಲ್ಲ ಕೊಂಡಾಡುವ ಈತನು ಪೂರ್ಣ ಅಡ್ಮಿರಲ್ ಆಗಲೇ ಇಲ್ಲವೆಂಬುದು ಹಲವರಿಗೆ ಸೋಜಿಗವಾಗಿ ತೋರಬಹುದು. ಅವನಿಗಿಂತ ಹಿರಿಯರು ಬದುಕಿದ್ದರು. ನಡುವಿನ ಕೂವೆಮರ ಅವರದು.

೧೮೦೫ರ ಅಕ್ಟೋಬರ್ ೨೧ರಂದು ಟ್ರಫಾಲ್ಗರ್ ಭೂಶಿರದ ಬಳಿ ಫ್ರಾನ್ಸ್ ಮತ್ತು ಸ್ಪೇನುಗಳ ೩೩ ನೌಕೆಗಳಿಗೆ ಎದುರಾಗಿ ನೆಲ್ಸನ್ನನ ೨೭ ನೌಕೆಗಳು ಎರಡು ಸಾಲುಗಳಾಗಿ ಸಾಗಿದವು. ಎರಡನೆಯ ಸಾಲಿನ ಮುಂದಾಳಾದ ಕಾಲಿಂಗ್‌ವುಡ್ಡನು ನೀಲಿಯ ವೈಸ್ ಅಡ್ಮಿರಲ್. ಬಣ್ಣಗಳ ಗೊಂದಲದಿಂದ ಹೊಗೆಯಲ್ಲಿ ಅನರ್ಥವಾದೀತೆಂದು, ದಳ ಯಾವುದಾದರೂ ಸರಿಯೆ, ಎಲ್ಲ ನೌಕೆಗಳೂ ಬಿಳಿಯ ಬಾವುಟವನ್ನೇ ಹಾರಿಸತಕ್ಕದ್ದೆಂದು ನೆಲ್ಸನ್ನನು ಮೊದಲೇ ಆಜ್ಞೆ ಮಾಡಿದ್ದನು. ಕರ್ತವ್ಯವನ್ನು ನೆನಪಿಸುವ ಆ ಜಗತ್ಪ್ರಸಿದ್ಧ ಸಂದೇಶ ಹನ್ನೆರಡು ಬಾರಿ ಬಾವುಟಗಳನ್ನೇರಿಸಿ ಕಳುಹಿಸಿದ್ದು. ನೆಲ್ಸನ್ನನು ಬಯಸಿದ ಒಂದು ಪದ ಸಂಕೇತಕೋಶದಲ್ಲಿರಲಿಲ್ಲ. ಅಕ್ಷರಕ್ಷರವಾಗಿ ಬಿಡಿಸಿ ಹೇಳಬೇಕಾಗುತ್ತಿತ್ತು. ಸಂಕೇತಾಧಿಕಾರಿ ಪಾಸ್ಕೊ ಎಂಬವನು ಕೋಶದಲ್ಲಿರುವ ಬೇರೊಂದು ಪದವನ್ನು ಸೂಚಿಸಲು ಅವನು ಒಪ್ಪಿದನು. ಮಕ್ಕಳೆಲ್ಲ ಬಾಯಿಪಾಠ ಮಾಡಿದ ಆ ವಾಕ್ಯ ಹೀಗೆ ಅವಸರದ ಅನುಕೂಲಕ್ಕಾಗಿ ಅರ್ಧಂಬರ್ಧ ತಿದ್ದಿದ ವಾಕ್ಯ!

ಧ್ವಜವಿರುವಲ್ಲಿ ನಾಯಕನಿರುವನೆಂಬುದು ಸ್ನೇಹಿತರಿಗೆ ಧೈರ್ಯ, ಶತ್ರುಗಳಿಗೆ ಗುರಿ. ಕ್ಯಾಪ್ಟನ್ ಬ್ಲಾಕ್‌ವುಡ್ಡನು ಇದನ್ನರಿತು, ಧ್ವಜವನ್ನು ತನ್ನ ಯೂರಿಯಾಲಸ್ ಎಂಬ ಲಘುನೌಕೆಗೆ ಸಾಗಿಸಿ ಅಲ್ಲಿಂದ ಯುದ್ಧವನ್ನು ನಡೆಸಬೇಕೆಂದು ಕೇಳಿಕೊಂಡನು. ನೆಲ್ಸನ್ನನು ಒಪ್ಪಲಿಲ್ಲ. ಸಾವನ್ನು ಬಯಸಿಯೇ ಅಂದು ಪದಕಗಳನ್ನು ತೊಟ್ಟುಕೊಂಡನೆಂದು ಕೆಲವರು ಬರೆದಿದ್ದಾರೆ. ಅವನು ತೊಟ್ಟದ್ದು ದಿನವೂ ತೊಡುತ್ತಿದ್ದ ಅಂಗಿಯನ್ನೇ. ಅದರ ಮೇಲೆ ನಾಲ್ಕು ಬಿರುದುಗಳ ನಕ್ಷತ್ರಗಳು ಕಸೂತಿಯಲ್ಲಿ ಹೊಲಿದಿದ್ದವು. ಮಧ್ಯಾಹ್ನ ಸುಮಾರು ಒಂದೂಕಾಲು ಗಂಟೆಗೆ ರಿಡೌಟಬಲ್ ನೌಕೆಯ ಕೂವೆಮರದ ಮೇಲಿಂದ ಹಾರಿದ ಗುಂಡು ಭುಜವನ್ನು ಹೊಕ್ಕು ಬೆನ್ನೆಲುಬನ್ನು ಮುರಿಯಿತು. ಕೆಳಗೆ ಹೊತ್ತೊಯ್ಯುವಾಗ ನಾವಿಕರು ಕಂಡು ಎದೆಗುಂದದಿರಲೆಂದು ಮುಖವನ್ನೂ ನಕ್ಷತ್ರಗಳನ್ನೂ ಕರವಸ್ತ್ರದಿಂದ ಮುಚ್ಚಿಕೊಂಡನು. ನಾಲ್ಕೂವರೆಯ ಸುಮಾರಿಗೆ, ಗೆಲವಿನ ಸುದ್ದಿಯನ್ನು ಕೇಳಿದ ಮೇಲೆ, ಪ್ರಾಣ ಬಿಟ್ಟನು. ಶತ್ರುಗಳ ೧೭ ನೌಕೆಗಳು ಸೆರೆಸಿಕ್ಕವು, ಒಂದು ಸಿಡಿದುಹೋಯಿತು. ವಿಕ್ಟರಿಯೊಂದರಲ್ಲಿಯೇ ೫೭ ಮಂದಿ ಮಡಿದರು.

೧೮೦೬ರ ಜನವರಿ ೯ರಂದು ಲಂಡನ್ನಿನ ಸೇಂಟ್ ಪಾಲ್ ದೇವಾಲಯದಲ್ಲಿ ಅಂತ್ಯವಿಧಿ ನಡೆಯಿತು. ಶವಪೆಟ್ಟಿಗೆಯನ್ನು ಮಾಡಿದ್ದುದು ನೈಲ್ ಕಾಳಗದಲ್ಲಿ ಸಿಡಿದ ಲೊರಿಯಾಂ ನೌಕೆಯ ಕೂವೆಮರದಿಂದ. ಜೊತೆಗಾರನಾದ ಕ್ಯಾಪ್ಟನ್ನನೊಬ್ಬನು ಅದನ್ನು ಅವನಿಗೆ ಬದುಕಿದ್ದಾಗಲೇ ಕಾಣಿಕೆಯಾಗಿ ಕೊಟ್ಟಿದ್ದನು. ವಿಕ್ಟರಿಯ ನಾವಿಕರು ಯುದ್ಧದಲ್ಲಿ ಹರಿದ ತಮ್ಮ ಹಡಗಿನ ಬಾವುಟಗಳನ್ನು ಹೊತ್ತು ಬಂದಿದ್ದರು. ಅವುಗಳನ್ನು ಮಡಿಸಿ ಗೋರಿಯಲ್ಲಿಡಬೇಕೆಂಬುದು ಕ್ರಮ. ಆ ಗಳಿಗೆಯಲ್ಲಿ ನಾವಿಕರು ಕ್ರಮವನ್ನು ಮರೆತು, ದೊಡ್ಡ ಬಾವುಟದಿಂದ ಭಾಗವನ್ನು ಹರಿದುಕೊಂಡು, ಚೂರುಚೂರಾಗಿ ಹಂಚಿಕೊಂಡು ಎದೆಯಲ್ಲಿ ಬಚ್ಚಿಟ್ಟರು. ಆ ಚೂರುಗಳಲ್ಲಿ ಕೆಲವು ಇಂದಿಗೂ ವಸ್ತುಸಂಗ್ರಹಾಲಯಗಳಲ್ಲಿವೆ. ರಾಜ್ಯವು ಅವನ ಅಣ್ಣನನ್ನು ಅರ್ಲ್ ಪದವಿಗೇರಿಸಿತು, ಎಮ್ಮಾಳನ್ನು ಕಡೆಗಣಿಸಿತು. ಅವಳು ೧೮೧೫ರಲ್ಲಿ ಫ್ರಾನ್ಸಿನ ಕ್ಯಾಲೆ ಪಟ್ಟಣದಲ್ಲಿ ಬಡತನದಲ್ಲಿ ಸತ್ತಳು.

ಮೂರು ಬಣ್ಣಗಳ ದಳವ್ಯವಸ್ಥೆಯನ್ನು ಇಂಗ್ಲೆಂಡು ೧೮೬೪ರಲ್ಲಿ ರದ್ದುಮಾಡಿತು. ಬಿಳಿಯ ಬಾವುಟ ನೌಕಾಸೇನೆಗೂ, ಕೆಂಪು ವ್ಯಾಪಾರದ ಹಡಗುಗಳಿಗೂ ಉಳಿಯಿತು. ಕೂವೆಮರಗಳು ಕಡಿಮೆಯಾದ ಉಗಿಹಡಗುಗಳ ಕಾಲದಲ್ಲಿ ಕಂಬದಿಂದ ದರ್ಜೆಯನ್ನು ಗುರುತಿಸುವಂತಿರಲಿಲ್ಲ. ಶಿಲುಬೆಯ ಧ್ವಜದ ಮೂಲೆಯಲ್ಲಿ ಕೆಂಪು ಚುಕ್ಕೆಗಳು ಬಂದವು, ವೈಸ್ ಅಡ್ಮಿರಲ್ಲನಿಗೆ ಒಂದು, ರಿಯರ್ ಅಡ್ಮಿರಲ್ಲನಿಗೆ ಎರಡು. ಸ್ವತಂತ್ರ ಭಾರತದ ನೌಕಾಪಡೆಯೂ ೧೯೫೦ರಿಂದ ತನ್ನ ಬಾವುಟದಲ್ಲಿ ಸಂತ ಜಾರ್ಜನ ಶಿಲುಬೆಯನ್ನೇ ಇಟ್ಟುಕೊಂಡು, ಮೂಲೆಯಲ್ಲಿ ತ್ರಿವರ್ಣವನ್ನು ಸೇರಿಸಿತ್ತು. ೨೦೦೧ರಲ್ಲಿ ಶಿಲುಬೆ ಹೋಗಿ, ೨೦೦೪ರಲ್ಲಿ ಮರಳಿ, ೨೦೨೨ರ ಸೆಪ್ಟೆಂಬರ್ ೨ರಂದು ಕೊಚ್ಚಿಯಲ್ಲಿ ವಿಕ್ರಾಂತ್ ನೌಕೆ ಸೇವೆಗೆ ಸೇರಿದ ದಿನ ಕಡೆಯ ಬಾರಿಗೆ ಇಳಿಯಿತು. ಟ್ರಫಾಲ್ಗರಿನ ಹೊಗೆಯಲ್ಲಿ ನೆಲ್ಸನ್ನನು ಎಲ್ಲರಿಂದಲೂ ಹಾರಿಸಿದ ಬಾವುಟದ ಚಿಹ್ನೆಯು ಹೈದರನ ಕಡಲಿನಲ್ಲಿ ಅಷ್ಟು ಕಾಲ ಹಾರುತ್ತಿದ್ದಿತು.

ಆಂಗ್ಲರು ಅವನನ್ನು ಪೂಜಿಸಿದಂತೆ ನಾವು ಪೂಜಿಸಬೇಕಾದುದಿಲ್ಲ. ಅವನು ಕಾದ ಸಾಮ್ರಾಜ್ಯವು ನಮ್ಮನ್ನು ಆಳಿದ ಸಾಮ್ರಾಜ್ಯ. ಆದರೂ ಹುದ್ದೆಯನ್ನು ಏರುವುದೇ ಜೀವನದ ಗುರಿಯೆಂದು ತಿಳಿದ ನಮ್ಮ ತರುಣರು ಈ ಕಥೆಯಲ್ಲಿ ಒಂದನ್ನು ಗಮನಿಸಬೇಕೆಂದು ನನ್ನ ಆಸೆ. ನಡುವಿನ ಕೂವೆಮರದ ಮೇಲೆ ಧ್ವಜ ಹಾರಿಸಿದ ಅಡ್ಮಿರಲ್ಲರು ಆ ಕಾಲದಲ್ಲಿ ಹಲವರಿದ್ದರು; ಅವರ ಹೆಸರುಗಳು ಪಟ್ಟಿಯಲ್ಲಿವೆ, ಜನರ ನಾಲಗೆಯ ಮೇಲಿಲ್ಲ. ಅಕ್ಷರ ಬಾರದ ಎಷ್ಟೋ ಮಂದಿ ನಾವಿಕರು ತಮ್ಮ ನಾಯಕನ ಹಡಗಿನ ಬಟ್ಟೆಯ ಒಂದು ಗೇಣು ಚೂರನ್ನು ಎದೆಗವಚಿಕೊಂಡು ದೇವಾಲಯದಿಂದ ಹೊರಬಂದರಲ್ಲ, ಅಂಥ ಗೌರವವನ್ನು ಯಾವ ಸರಕಾರವೂ ಆಜ್ಞಾಪತ್ರದ ಮೂಲಕ ದಯಪಾಲಿಸಲಾರದು.